ನರವಿಜ್ಞಾನದ ವ್ಯಾಸಂಗ ಮತ್ತು ಹೊರನಾಡಿನ ಕನ್ನಡ ಮನೆ

(ಘಾಜಿಯಾಬಾದಿನ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕನ್ನಡ ಸಂಘಗಳ ವೇದಿಕೆಯಲ್ಲಿ ಸಾಹಿತ್ಯ, ಗಡಿ, ನದಿ, ನುಡಿ ಇವುಗಳನ್ನು ಕುರಿತು ಮಾತನಾಡುವುದು ವಾಡಿಕೆ. ಇಂದು ನನಗೆ ವಹಿಸಿರುವ ವಿಷಯ ಈ ವಾಡಿಕೆಗೆ ಹೊರತಾದುದು: ಪದವಿ ಮಟ್ಟದಲ್ಲಿ ನರವಿಜ್ಞಾನದ ವ್ಯಾಸಂಗ. ಆದರೆ ನಮ್ಮ ಮನೆಗಳಿಗೆ ಇದು ಹೊರಗಿನ ಮಾತಲ್ಲ. ವೈಶಾಲಿ, ವಸುಂಧರಾ, ಇಂದಿರಾಪುರಂ, ಸಾಹಿಬಾಬಾದ್, ರಾಜನಗರಗಳ ಕನ್ನಡ ಮನೆಗಳಲ್ಲಿ ಹನ್ನೆರಡನೆಯ ತರಗತಿಯನ್ನು ಮುಗಿಸುತ್ತಿರುವ ಮಕ್ಕಳಿದ್ದಾರೆ. ಅವರಲ್ಲಿ ಕೆಲವರು, ‘ವೈದ್ಯಕೀಯ ಬೇಡ, ಎಂಜಿನಿಯರಿಂಗ್ ಬೇಡ, ಮಿದುಳನ್ನು ಕುರಿತು ಓದಬೇಕು’ ಎನ್ನತೊಡಗಿದ್ದಾರೆ. ಆಗ ತಂದೆತಾಯಿಗಳು ಕೇಳುವ ಪ್ರಶ್ನೆಗಳು ಮೂರು. ಅಂತಹ ಪದವಿ ಎಲ್ಲಿದೆ? ಅದನ್ನು ಓದಿ ಮುಂದೆ ಮಾಡುವುದೇನು? ಅದಕ್ಕೆ ತಗಲುವ ಕಾಲವನ್ನೂ ಹಣವನ್ನೂ ನಮ್ಮಂಥವರು ತಾಳಿಕೊಳ್ಳಬಲ್ಲೆವೆ? ಈ ಪ್ರಶ್ನೆಗಳನ್ನು ಲೌಕಿಕವೆಂದು ಕಡೆಗಣಿಸುವುದು ಸರಿಯಲ್ಲ. ಊರು ಬಿಟ್ಟು ಬಂದವರಿಗೆ ಹೊಲಮನೆಗಳ ಆಸರೆ ಇರುವುದಿಲ್ಲ. ಮಕ್ಕಳ ವಿದ್ಯೆಯೇ ಅವರ ಆಸ್ತಿ. ಆ ಆಸ್ತಿಯನ್ನು ಹೆಸರು ಕೇಳಿರದ ದಾರಿಯಲ್ಲಿ ತೊಡಗಿಸುವಾಗ ಅಂಜಿಕೆಯಾಗುವುದು ಸಹಜವೇ ಆಗಿದೆ.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಸೂಚಿಸಿಬಿಡುತ್ತೇನೆ. ನರವಿಜ್ಞಾನವನ್ನು ಓದಬೇಕೆನ್ನುವ ವಿದ್ಯಾರ್ಥಿ ಆ ಹೆಸರಿನ ಪದವಿಯನ್ನು ಅರಸಬೇಕಾಗಿಲ್ಲ. ಆ ವಿದ್ಯೆಗೆ ಬೇಕಾದ ತಳಹದಿಯನ್ನು ಅರಸಬೇಕು. ಆ ತಳಹದಿಯ ಕಲ್ಲುಗಳಲ್ಲಿ ಮನೆಯ ಕನ್ನಡವೂ ಒಂದು. ಮೊದಲನೆಯ ಮಾತು ತಂದೆತಾಯಿಗಳಿಗೆ, ಎರಡನೆಯದು ಸಂಘಕ್ಕೆ.

ನರವಿಜ್ಞಾನವೆಂದರೆ ಏನೆಂಬುದನ್ನು ಸ್ವಲ್ಪದರಲ್ಲಿ ನೋಡೋಣ. ವಯಸ್ಕ ಮನುಷ್ಯನ ಮಿದುಳಿನ ತೂಕ ಸುಮಾರು 1,400 ಗ್ರಾಂ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟು ಮಾತ್ರವಿರುವ ಈ ಅಂಗ, ನಾವು ವಿಶ್ರಾಂತಿಯಲ್ಲಿರುವಾಗಲೂ ದೇಹವು ವ್ಯಯಿಸುವ ಶಕ್ತಿಯ ಐದನೆಯ ಒಂದು ಪಾಲನ್ನು ಬಳಸುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂಬುದು 2009ರಲ್ಲಿ ಪ್ರಕಟವಾದ ಎಣಿಕೆ. ಈ ಕೋಶಗಳು ಒಂದರೊಡನೊಂದು ವಿದ್ಯುತ್ತಿನ ಮತ್ತು ರಾಸಾಯನಿಕಗಳ ಮೂಲಕ ವ್ಯವಹರಿಸುತ್ತವೆ. ಆ ವ್ಯವಹಾರದಿಂದ ನೋಟ, ನೆನಪು, ಮಾತು, ಭಯ, ನಿರ್ಧಾರಗಳು ಹೇಗೆ ಉಂಟಾಗುತ್ತವೆ, ರೋಗ ಬಂದಾಗ ಅವು ಹೇಗೆ ಕೆಡುತ್ತವೆ ಎಂಬುದನ್ನು ಪ್ರಯೋಗದಿಂದ ಅರಿಯುವ ಶಾಸ್ತ್ರವೇ ನರವಿಜ್ಞಾನ. ರೋಗಿಯನ್ನು ಪರೀಕ್ಷಿಸಿ ಔಷಧ ಕೊಡುವ ನರವೈದ್ಯ ಬೇರೆ. ಈ ವ್ಯವಹಾರವನ್ನು ಅಭ್ಯಸಿಸುವ ನರವಿಜ್ಞಾನಿ ಬೇರೆ. ಇಬ್ಬರೂ ಒಬ್ಬರೇ ಆಗಿರುವುದುಂಟು, ಆದರೆ ಆಗಿರಲೇಬೇಕೆಂಬ ನಿಯಮವಿಲ್ಲ. ಅನೇಕ ಮನೆಗಳಲ್ಲಿ ಗೊಂದಲ ಆರಂಭವಾಗುವುದೇ ಈ ವ್ಯತ್ಯಾಸವನ್ನು ಗಮನಿಸದಿರುವುದರಿಂದ.

ಈ ಶಾಸ್ತ್ರ ಒಂದೇ ಮನೆಯಲ್ಲಿ ಹುಟ್ಟಿದ್ದಲ್ಲ. ಸ್ಪೇನಿನ ಕಹಾಲ್ ಮತ್ತು ಇಟಲಿಯ ಗಾಲ್ಜಿ 1906ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಇಬ್ಬರೂ ವೈದ್ಯರು, ಇಬ್ಬರೂ ಸೂಕ್ಷ್ಮದರ್ಶಕದಡಿ ನರಕೋಶವನ್ನು ಕಂಡವರು, ಆದರೆ ಅದರ ರಚನೆಯ ಬಗೆಗೆ ಪರಸ್ಪರ ವಿರುದ್ಧ ಅಭಿಪ್ರಾಯವಿದ್ದವರು. ಜರ್ಮನಿಯ ಮನೋವೈದ್ಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ನೆತ್ತಿಯ ಮೇಲಿನಿಂದಲೇ ಮಿದುಳಿನ ವಿದ್ಯುತ್ತನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದನು. ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲೀ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ನರಸಂದೇಶ ಹರಿಯುವ ಬಗೆಯನ್ನು ಅಳೆದು, 1952ರಲ್ಲಿ ಅದನ್ನು ಗಣಿತದ ಸಮೀಕರಣಗಳಲ್ಲಿ ಬರೆದರು. ಸೂಕ್ಷ್ಮದರ್ಶಕ, ವಿದ್ಯುತ್ತು, ಗಣಿತ, ರೋಗಿಯ ಹಾಸಿಗೆ ಎಲ್ಲವೂ ಇಲ್ಲಿ ಕೂಡಿಕೊಂಡಿವೆ. ಇವುಗಳನ್ನೆಲ್ಲ ಒಂದೇ ಹೆಸರಿನಡಿ ತರುವ ಪ್ರಯತ್ನ ಬಲಗೊಂಡದ್ದು 1960ರ ದಶಕದಲ್ಲಿ, ಅಮೆರಿಕದಲ್ಲಿ. ಅಲ್ಲಿನ ನರವಿಜ್ಞಾನ ಸೊಸೈಟಿ 1969ರಲ್ಲಿ ಸ್ಥಾಪನೆಯಾಯಿತು. ಆಮ್‌ಹರ್ಸ್ಟ್ ಕಾಲೇಜು 1973ರಲ್ಲಿ ಪದವಿ ಮಟ್ಟದಲ್ಲಿ ಈ ವಿಷಯವನ್ನು ಬೋಧಿಸಲು ಆರಂಭಿಸಿತು. ಎಂದರೆ ಪದವಿ ವಿಷಯವಾಗಿ ನರವಿಜ್ಞಾನಕ್ಕೆ ಇನ್ನೂ ಅರ್ಧ ಶತಮಾನದ ವಯಸ್ಸು. ನಮ್ಮ ತಂದೆತಾಯಿಗಳು ಅದರ ಹೆಸರನ್ನು ಕೇಳಿಲ್ಲವೆಂದರೆ ಅದು ಅವರ ಅಜ್ಞಾನವಲ್ಲ.

ಘಾಜಿಯಾಬಾದಿನ ಕನ್ನಡಿಗರಿಗೆ ಈ ಶಾಸ್ತ್ರ ಅಷ್ಟೇನೂ ಅಪರಿಚಿತವಾಗಬೇಕಾಗಿಲ್ಲ ಎಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇನೆ. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತನ್ನ ಎರಡನೆಯ ಕಾರ್ಖಾನೆಯನ್ನು ತೆರೆದದ್ದು ಈ ಊರಿನಲ್ಲಿ. ರೇಡಾರುಗಳನ್ನು ತಯಾರಿಸುವುದು ಅದರ ಮುಖ್ಯ ಕೆಲಸ. ಜಾಲಹಳ್ಳಿಯ ಹೆಸರು ಹೇಳಿದರೆ ಇಲ್ಲಿ ಕಿವಿ ನಿಮಿರುವುದು ಅದರಿಂದಲೇ. ರೇಡಾರಿನ ಕೆಲಸವೇನು? ದೂರದಿಂದ ಮರಳಿದ ಅತಿ ಕ್ಷೀಣವಾದ ಪ್ರತಿಧ್ವನಿಯನ್ನು ಸುತ್ತಲಿನ ಗದ್ದಲದಿಂದ ಬೇರ್ಪಡಿಸುವುದು. ನೆತ್ತಿಯ ಮೇಲೆ ತಂತಿಗಳನ್ನಿಟ್ಟು ಮಿದುಳಿನ ವಿದ್ಯುತ್ತನ್ನು ದಾಖಲಿಸುವವನ ಕೆಲಸವೂ ಅದೇ. ಅಲ್ಲಿ ಸಿಗುವ ಸಂಕೇತ ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದಲ್ಲಿ ಕೆಲವು ಹತ್ತುಗಳಷ್ಟು ಮಾತ್ರ. ಕಣ್ಣು ಮಿಟುಕಿಸಿದರೂ ಅದು ಮುಚ್ಚಿಹೋಗುತ್ತದೆ. ಇದು ಬರಿಯ ಹೋಲಿಕೆಯೂ ಅಲ್ಲ. ಹಾಡ್ಜ್‌ಕಿನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳಲ್ಲಿ ಅಳವಡಿಸುವ ರೇಡಾರಿನ ಅಭಿವೃದ್ಧಿಯಲ್ಲಿ ತೊಡಗಿದ್ದನು. ಯುದ್ಧ ಮುಗಿದ ಮೇಲೆ ನರತಂತುವಿನ ಪ್ರಯೋಗಕ್ಕೆ ಮರಳಿ, 1963ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡನು. ಹೀಗಿರುವಾಗ ರೇಡಾರ್ ಕಾರ್ಖಾನೆಯ ಎಂಜಿನಿಯರನ ಮಗಳು ಮಿದುಳಿನ ವಿದ್ಯೆಯನ್ನು ಓದುತ್ತೇನೆಂದರೆ ಅವಳು ಮನೆಯ ಕಸುಬನ್ನು ಬಿಟ್ಟುಹೋಗುತ್ತಿದ್ದಾಳೆಂದು ಭಾವಿಸಬೇಕಾಗಿಲ್ಲ.

ಈಗ ಮೊದಲನೆಯ ಪ್ರಶ್ನೆಗೆ ಬರೋಣ: ಪದವಿ ಎಲ್ಲಿದೆ? ಅಮೆರಿಕ, ಬ್ರಿಟನ್, ಕೆನಡಾಗಳಲ್ಲಿ ಈ ಹೆಸರಿನ ಪದವಿಗಳು ಸಾಕಷ್ಟಿವೆ. ನಮ್ಮ ದೇಶದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಅವು ಬಹು ವಿರಳ. ನರವಿಜ್ಞಾನ ಇಲ್ಲಿ ಮುಖ್ಯವಾಗಿ ಸ್ನಾತಕೋತ್ತರ ಮತ್ತು ಸಂಶೋಧನೆಯ ಮಟ್ಟದ ವಿಷಯ. ಹೆಸರನ್ನು ನೋಡಿ ಮೋಸಹೋಗುವ ಸಂದರ್ಭವೂ ಉಂಟು. ಕರ್ನಾಟಕದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ‘ನ್ಯೂರೋ ಸೈನ್ಸ್ ಟೆಕ್ನಾಲಜಿ’ ಎಂಬ ಬಿ.ಎಸ್ಸಿ. ಪದವಿಯಿದೆ. ಆಸ್ಪತ್ರೆಯಲ್ಲಿ ಮಿದುಳಿನ ವಿದ್ಯುತ್ ಲೇಖನವನ್ನು ತೆಗೆಯುವುದು, ನರಗಳ ವಾಹಕತೆಯನ್ನು ಅಳೆಯುವುದು ಮುಂತಾದ ಕೌಶಲಗಳನ್ನು ಅದು ಕಲಿಸುತ್ತದೆ. ಅದು ಗೌರವದ ಕಸುಬು, ಬೇಗನೆ ಸಂಪಾದನೆಗೆ ಹಚ್ಚುವ ಕಸುಬು; ಆಸ್ಪತ್ರೆಗಳಿಗೆ ಅಂತಹ ತಂತ್ರಜ್ಞರ ಅವಶ್ಯಕತೆ ಬಹಳವಿದೆ. ಆದರೆ ನೆನಪು ಹೇಗೆ ಮೂಡುತ್ತದೆ ಎಂದು ಸಂಶೋಧಿಸಬಯಸುವವಳಿಗೆ ಅದು ನೇರವಾದ ದಾರಿಯಲ್ಲ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪದವಿ ಇನ್ನೊಂದು ಬಗೆಯದು. ಮಾತು, ಕಿವಿ, ಮಿದುಳು ಮೂರನ್ನೂ ಪದವಿ ಮಟ್ಟದಲ್ಲಿಯೇ ಕಲಿಸಿ, ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಗಳಲ್ಲಿ ವೃತ್ತಿಯನ್ನೂ ಕೊಡುವ ವ್ಯಾಸಂಗವದು. ನರವಿಜ್ಞಾನಕ್ಕೆ ಅತಿ ಸಮೀಪದಲ್ಲಿರುವ ಈ ಪದವಿಯನ್ನು ನಮ್ಮ ಜನ ಹೆಚ್ಚಾಗಿ ಗಮನಿಸಿಲ್ಲ.

ಇವೆರಡನ್ನು ಬಿಟ್ಟರೆ ಉಳಿದವು ವಿಶಾಲವಾದ ತಳಹದಿಯ ಪದವಿಗಳು: ಜೀವವಿಜ್ಞಾನ, ಪ್ರಾಣಿಶಾಸ್ತ್ರ, ಜೀವರಸಾಯನ, ಭೌತಶಾಸ್ತ್ರ, ಗಣಿತ, ಮನಶ್ಶಾಸ್ತ್ರ, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷಗಳ ಪದವಿಯನ್ನು ಆರಂಭಿಸಿತು. ಅಲ್ಲಿನ ನರವಿಜ್ಞಾನ ಕೇಂದ್ರ 2009ರಷ್ಟು ಹಿಂದಿನದು. ಪದವಿ ವಿದ್ಯಾರ್ಥಿಗೆ ಅದೇ ಆವರಣದಲ್ಲಿ ಆ ವಿದ್ಯೆಯ ನೆರೆ ದೊರೆಯುತ್ತದೆ. 2006ರಿಂದ ಆರಂಭವಾದ ಐಸರ್ ಸಂಸ್ಥೆಗಳಲ್ಲಿ ಐದು ವರ್ಷಗಳ ಸಂಯುಕ್ತ ವ್ಯಾಸಂಗವಿದೆ. ದೆಹಲಿ ವಿಶ್ವವಿದ್ಯಾಲಯ 2022ರಿಂದ ನಾಲ್ಕು ವರ್ಷಗಳ ಪದವಿಯ ಪದ್ಧತಿಗೆ ಬಂದಿದೆ; ಕರ್ನಾಟಕ ಸರ್ಕಾರ 2021ರಲ್ಲಿ ಆ ಪದ್ಧತಿಯನ್ನು ತಂದು 2024ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ನಾಲ್ಕು ವರ್ಷಗಳ ಪದವಿಯಲ್ಲಿ ನೂರಕ್ಕೆ 75 ಅಂಕ ಪಡೆದವರು ಸ್ನಾತಕೋತ್ತರ ಪದವಿಯಿಲ್ಲದೆಯೇ ಡಾಕ್ಟರೇಟ್ ವ್ಯಾಸಂಗಕ್ಕೆ ಅರ್ಹರೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2022ರ ನಿಯಮಗಳಲ್ಲಿ ಹೇಳಿದೆ. ಇಲ್ಲಿ ಓದಿಸುವುದೋ ಊರಿಗೆ ಕಳುಹಿಸುವುದೋ ಎಂದು ತೂಗುವ ತಂದೆತಾಯಿಗಳು ಈ ಒಂದು ವರ್ಷದ ವ್ಯತ್ಯಾಸವನ್ನು ಗಮನದಲ್ಲಿಡಬೇಕು.

ಹೆಸರಿಗಿಂತ ತಳಹದಿ ಮುಖ್ಯವೆಂದು ನಾನು ಹೇಳುವುದು ಸಮಾಧಾನದ ಮಾತಾಗಿ ಅಲ್ಲ. ಈ ಶಾಸ್ತ್ರವನ್ನು ಬೆಳೆಸಿದವರ ಚರಿತ್ರೆಯೇ ಅದನ್ನು ಹೇಳುತ್ತದೆ. ನೆನಪಿನ ಅಣುಮಟ್ಟದ ಆಧಾರವನ್ನು ತೋರಿಸಿ 2000ದಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಎರಿಕ್ ಕ್ಯಾಂಡೆಲ್ ಪದವಿ ಮಟ್ಟದಲ್ಲಿ ಓದಿದ್ದು ಇತಿಹಾಸ ಮತ್ತು ಸಾಹಿತ್ಯ. ಜೀವದ ಸುರುಳಿಯನ್ನು ಬಿಡಿಸಿದ ಫ್ರಾನ್ಸಿಸ್ ಕ್ರಿಕ್ ತನ್ನ ಕೊನೆಯ ದಶಕಗಳನ್ನು ಪ್ರಜ್ಞೆಯ ಅಧ್ಯಯನಕ್ಕೆ ಮೀಸಲಿಟ್ಟನು. ಅವನ ಪದವಿ ಭೌತಶಾಸ್ತ್ರದ್ದು. ಕೈ ಕಳೆದುಕೊಂಡವರಿಗೆ ಇಲ್ಲದ ಕೈಯಲ್ಲಿ ನೋವಾಗುವ ಬಗೆಯನ್ನು ಕನ್ನಡಿಯ ಪೆಟ್ಟಿಗೆಯೊಂದರ ನೆರವಿನಿಂದ ಅಭ್ಯಸಿಸಿದ ವಿ.ಎಸ್. ರಾಮಚಂದ್ರನ್ ಓದಿದ್ದು ಮದರಾಸಿನ ಸ್ಟಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ. ನಮಗೆ ಇನ್ನೂ ಹತ್ತಿರದ ಉದಾಹರಣೆ ವಿಜಯಲಕ್ಷ್ಮಿ ರವೀಂದ್ರನಾಥ್ ಅವರದು. ಮೈಸೂರು ವಿಶ್ವವಿದ್ಯಾಲಯದಿಂದ ಜೀವರಸಾಯನದಲ್ಲಿ ಡಾಕ್ಟರೇಟ್ ಪಡೆದ ಅವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಸಂಶೋಧನೆಯನ್ನು ನಡೆಸಿ, ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರವನ್ನು ಅದರ ಮೊದಲ ನಿರ್ದೇಶಕರಾಗಿ ಕಟ್ಟಿ, ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರವನ್ನು ಆರಂಭಿಸಿದರು. ಅವರ ದಾರಿ ಮೈಸೂರಿನಿಂದ ದೆಹಲಿಯ ನೆರೆಗೂ, ಇಲ್ಲಿಂದ ಮತ್ತೆ ಬೆಂಗಳೂರಿಗೂ ಹರಿದಿದೆ.

ಹಾಗಾದರೆ ಆ ತಳಹದಿ ಯಾವುದು? ನನ್ನ ಎಣಿಕೆಯಲ್ಲಿ ನಾಲ್ಕು ಸಂಗತಿಗಳು. ಮೊದಲನೆಯದು ಜೀವಕೋಶದ ತಿಳಿವಳಿಕೆ. ಅಯಾನು, ಪ್ರೋಟೀನು, ಜೀನುಗಳ ವ್ಯವಹಾರ ತಿಳಿಯದೆ ನರಕೋಶ ಅರ್ಥವಾಗದು. ಎರಡನೆಯದು ಗಣಿತ, ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ಕ್ರಮವಿಧಿಯ ಅಭ್ಯಾಸ. ಇಂದಿನ ಪ್ರಯೋಗಾಲಯದಲ್ಲಿ ಒಂದು ದಿನದ ದಾಖಲೆಯನ್ನು ಅರಿಯಲು ವಾರಗಟ್ಟಲೆ ಲೆಕ್ಕ ಹಾಕಬೇಕಾಗುತ್ತದೆ. ಹನ್ನೊಂದನೆಯ ತರಗತಿಯಲ್ಲಿಯೇ ಗಣಿತವನ್ನು ಕೈಬಿಟ್ಟ ಮಕ್ಕಳು ಇಲ್ಲಿ ಕಷ್ಟಪಡುತ್ತಾರೆ. ಮೂರನೆಯದು ಮನಶ್ಶಾಸ್ತ್ರ, ನಡವಳಿಕೆಯನ್ನು ಅಳೆಯುವ ಶಿಸ್ತಿಲ್ಲದಿದ್ದರೆ ಯಂತ್ರವು ಕೊಡುವ ಚಿತ್ರಕ್ಕೆ ಅರ್ಥವಿರುವುದಿಲ್ಲ. ನಾಲ್ಕನೆಯದು ಕೈಯ ಅಭ್ಯಾಸ: ಬೇಸಿಗೆಯ ರಜೆಗಳಲ್ಲಿ ಯಾವುದಾದರೊಂದು ಪ್ರಯೋಗಾಲಯದಲ್ಲಿ ಕುಳಿತು, ಕೆಟ್ಟ ಪ್ರಯೋಗವನ್ನು ಮತ್ತೆ ಮಾಡುವ ತಾಳ್ಮೆ. ಈ ನಾಲ್ಕರಲ್ಲಿ ಎರಡನ್ನು ತರಗತಿಯಲ್ಲಿ, ಉಳಿದವನ್ನು ತನ್ನ ಪ್ರಯತ್ನದಿಂದ ಗಳಿಸುವಂತಹ ಯಾವ ಪದವಿಯಾದರೂ ಸರಿಯೇ.

ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳನ್ನು ಒಟ್ಟಿಗೆ ನೋಡೋಣ. ಪದವಿಯಾದೊಡನೆ ದೊಡ್ಡ ಸಂಬಳದ ಕೆಲಸ ಕಾದಿರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ದಾರಿ ನೀಳವಾದುದು. ಪದವಿಗೆ ಮೂರೋ ನಾಲ್ಕೋ ವರ್ಷ, ಬೇಕಾದರೆ ಸ್ನಾತಕೋತ್ತರಕ್ಕೆ ಎರಡು, ಡಾಕ್ಟರೇಟಿಗೆ ಐದಾರು. ಹದಿನೆಂಟರಲ್ಲಿ ಹೊರಟವಳು ಮೂವತ್ತರ ಹತ್ತಿರಕ್ಕೆ ಬಂದಿರುತ್ತಾಳೆ. ಆದರೆ ಇದರಲ್ಲಿ ಒಂದು ಅಂಶವನ್ನು ನಮ್ಮವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡಾಕ್ಟರೇಟಿನ ಕಾಲದಲ್ಲಿ ಹಣ ಕಟ್ಟುವ ಹೊರೆ ಮನೆಯ ಮೇಲೆ ಬೀಳುವುದಿಲ್ಲ. 2023ರ ಜನವರಿಯಿಂದ ನಿಗದಿಯಾದಂತೆ ಕಿರಿಯ ಸಂಶೋಧಕನಿಗೆ ತಿಂಗಳಿಗೆ 37,000 ರೂಪಾಯಿ, ಹಿರಿಯನಿಗೆ 42,000 ರೂಪಾಯಿ ಶಿಷ್ಯವೇತನವಿದೆ. ವಸತಿ ಭತ್ಯೆ ಬೇರೆ. ಖಾಸಗಿ ವೈದ್ಯಕೀಯ ಕಾಲೇಜಿಗೆ ಮನೆ ಮಾರಿ ಹಣ ಕಟ್ಟುವುದಕ್ಕೂ ಸಾರ್ವಜನಿಕ ಸಂಸ್ಥೆಯಲ್ಲಿ ವಿಜ್ಞಾನ ಓದುವುದಕ್ಕೂ ಇರುವ ಅಂತರವನ್ನು ಕಾಗದದ ಮೇಲೆ ಬರೆದು ನೋಡಿದರೆ ಅನೇಕ ಭಯಗಳು ತಾವಾಗಿಯೇ ಕರಗುತ್ತವೆ. ಸಾಲ ಮಾಡಿ ಹೊರದೇಶಕ್ಕೆ ಪದವಿಗೆ ಕಳುಹಿಸಬೇಕೇ ಎಂದು ಕೇಳುವವರಿಗೆ ನನ್ನ ಸಲಹೆ ಇಷ್ಟೇ: ಪದವಿಯನ್ನು ಇಲ್ಲಿ ಮುಗಿಸಿ, ಶಿಷ್ಯವೇತನ ದೊರೆಯುವ ಮಟ್ಟದಲ್ಲಿ ಹೊರಗೆ ಹೋಗುವುದು ಜಾಣತನ. ಸಂಶೋಧನೆಯೇ ಬೇಡವೆನಿಸಿದವರಿಗೂ ಈ ತಳಹದಿ ವ್ಯರ್ಥವಲ್ಲ. ಅಂಕಿಅಂಶಗಳ ವಿಶ್ಲೇಷಣೆ, ವೈದ್ಯಕೀಯ ಉಪಕರಣಗಳ ಉದ್ಯಮ, ಔಷಧ ಪರೀಕ್ಷೆ, ಪುನರ್ವಸತಿ ಚಿಕಿತ್ಸೆ, ಅಧ್ಯಾಪನ ಈ ಎಲ್ಲ ಕಡೆಗೂ ಇಲ್ಲಿಂದ ಬಾಗಿಲುಗಳಿವೆ.

ಹೊರನಾಡಿನವರಿಗೆ ಇನ್ನೊಂದು ಅನುಕೂಲವೂ ಉಂಟು. ಕರ್ನಾಟಕದ ವೃತ್ತಿಶಿಕ್ಷಣದ ಸೀಟುಗಳಿಗೆ ರಾಜ್ಯದೊಳಗೆ ಏಳು ವರ್ಷ ಓದಿರಬೇಕೆಂಬುದು ಸಾಮಾನ್ಯ ನಿಯಮ. ನಮ್ಮ ಮಕ್ಕಳು ಅಲ್ಲಿಗೆ ಹೊರಗಿನವರು, ಇಲ್ಲಿಯೂ ಪೂರ್ತಿ ಒಳಗಿನವರಲ್ಲ. ಈ ನೋವು ನಮಗೆಲ್ಲರಿಗೂ ತಿಳಿದದ್ದೇ. ಆದರೆ ಭಾರತೀಯ ವಿಜ್ಞಾನ ಸಂಸ್ಥೆಯಾಗಲಿ, ಮಾನೇಸರದ ಕೇಂದ್ರವಾಗಲಿ ಇಂತಹ ವಾಸದ ಲೆಕ್ಕವನ್ನು ಕೇಳುವುದಿಲ್ಲ. ಮೂಲವಿಜ್ಞಾನದ ಬಾಗಿಲಲ್ಲಿ ಗಡಿರೇಖೆಯಿಲ್ಲ.

ನಮ್ಮ ಮನೆಬಾಗಿಲಿನಲ್ಲಿಯೇ ಏನಿದೆ ಎಂಬುದನ್ನೂ ಕಾಣಬೇಕು. ಶಹೀದ್ ಸ್ಥಳದ ನಿಲ್ದಾಣದಿಂದ ಮೆಟ್ರೋದ ಕೆಂಪು ಮಾರ್ಗದಲ್ಲಿ ದೆಹಲಿಯ ಗಡಿಯನ್ನು ದಾಟಿದೊಡನೆ ದಿಲ್‌ಶಾದ್ ಗಾರ್ಡನ್ ಬರುತ್ತದೆ. ಅಲ್ಲಿರುವ ಮಾನವ ವರ್ತನೆ ಮತ್ತು ಸಂಬಂಧಿತ ವಿಜ್ಞಾನಗಳ ಸಂಸ್ಥೆ, ಇಹಬಾಸ್ ಎಂದು ನಾವು ಕರೆಯುವುದು, ಮೊದಲು ಶಾಹದರಾದ ಮಾನಸಿಕ ಆಸ್ಪತ್ರೆಯಾಗಿತ್ತು. ಅಲ್ಲಿನ ದುಃಸ್ಥಿತಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಬೆಂಗಳೂರಿನ ನಿಮ್ಹಾನ್ಸ್ ಮಾದರಿಯಲ್ಲಿ ಅದನ್ನು ಪುನರ್ರಚಿಸಬೇಕೆಂಬ ನಿರ್ದೇಶ ಹೊರಟಿತು; 1993ರಲ್ಲಿ ಹೊಸ ಸಂಸ್ಥೆ ರೂಪುಗೊಂಡಿತು. ಆ ಮಾದರಿಯಾದ ನಿಮ್ಹಾನ್ಸ್ ಆದರೂ ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ 1974ರಲ್ಲಿ ಒಂದಾಗಿ ಆದದ್ದು. ಕನ್ನಡ ನಾಡಿನ ಸಂಸ್ಥೆಯೊಂದರ ಶಿಸ್ತು ಹೀಗೆ ನಮ್ಮ ನೆರೆಗೆ ಬಂದಿದೆ. ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಶರೀರಕ್ರಿಯಾಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿದ್ದ ಬಿ.ಕೆ. ಆನಂದ್, ಹಸಿವನ್ನು ನಿಯಂತ್ರಿಸುವ ಮಿದುಳಿನ ಭಾಗವನ್ನು ಅಮೆರಿಕದ ಬ್ರೋಬೆಕ್ ಜೊತೆಗೂಡಿ 1951ರಲ್ಲಿ ಗುರುತಿಸಿದವರು. ಯೋಗಿಗಳ ಮಿದುಳಿನ ವಿದ್ಯುತ್ತನ್ನು ದಾಖಲಿಸಿ 1961ರಲ್ಲಿ ಪ್ರಕಟಿಸಿದವರೂ ಅವರ ತಂಡದವರೇ. ಮಾನೇಸರದ ಕೇಂದ್ರವನ್ನು 2003ರ ಡಿಸೆಂಬರಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ರಾಷ್ಟ್ರಕ್ಕೆ ಅರ್ಪಿಸಿದರು. ಈ ಪ್ರದೇಶದಲ್ಲಿ ಬೆಳೆಯುತ್ತಿರುವ ಮಗುವಿಗೆ ದೇಶದ ಇತರ ಅನೇಕ ಕಡೆ ಸಿಗದ ನೆರೆಹೊರೆ ದೊರೆತಿದೆ.

ಇಲ್ಲಿಗೆ ತಂದೆತಾಯಿಗಳಿಗೆ ಹೇಳಬೇಕಾದದ್ದು ಮುಗಿಯಿತು. ಇನ್ನು ಕನ್ನಡದ ಮಾತು. ಮಿದುಳಿನ ವಿದ್ಯೆಗೂ ಕನ್ನಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು.

ಮಾತು ಮಿದುಳಿನಲ್ಲಿ ನೆಲೆಸಿರುವ ಬಗೆಯನ್ನು ಕುರಿತ ಜ್ಞಾನದ ಬಹುಪಾಲು ಇಂಗ್ಲಿಷ್, ಫ್ರೆಂಚ್, ಜರ್ಮನ್ ಮಾತನಾಡುವ ರೋಗಿಗಳಿಂದ ಬಂದದ್ದು. ಪ್ಯಾರಿಸ್ಸಿನ ಬ್ರೋಕಾ 1861ರಲ್ಲಿ ಮಾತು ಕಳೆದುಕೊಂಡ ರೋಗಿಯೊಬ್ಬನ ಮಿದುಳಿನಲ್ಲಿ ಎಡಭಾಗದ ಹಾನಿಯನ್ನು ಕಂಡಂದಿನಿಂದ ಈ ಪರಂಪರೆ ನಡೆದುಬಂದಿದೆ. ಆದರೆ ಇಂಗ್ಲಿಷಿನ ಲಿಪಿ ಬೇರೆ, ನಮ್ಮ ಲಿಪಿ ಬೇರೆ. ಅಲ್ಲಿ ಒಂದೊಂದು ಅಕ್ಷರ ಬಿಡಿಬಿಡಿಯಾದ ಧ್ವನಿಯನ್ನು, ಅದೂ ಅನಿಯತವಾಗಿ, ಸೂಚಿಸುತ್ತದೆ. ನಮ್ಮಲ್ಲಿ ಕಾಗುಣಿತವೂ ಒತ್ತಕ್ಷರವೂ ಸೇರಿ ಒಂದು ಅಕ್ಷರವೇ ಉಚ್ಚಾರದ ಒಂದು ಘಟಕವಾಗುತ್ತದೆ. ಕನ್ನಡವನ್ನು ಓದುವ ಮಿದುಳು ಇಂಗ್ಲಿಷನ್ನು ಓದುವ ಮಿದುಳಿನಂತೆಯೇ ಕೆಲಸ ಮಾಡುತ್ತದೆಯೇ? ಇದನ್ನು ಕನ್ನಡ ಬಲ್ಲವರೇ ಕೇಳಬೇಕಾಗಿತ್ತು, ಕೇಳಿದರು ಕೂಡ. ಪ್ರತಿಭಾ ಕಾರಂತ ಅವರು ಮಿದುಳಿನ ಹಾನಿಯಿಂದ ಓದುವ ಶಕ್ತಿಯನ್ನು ಕಳೆದುಕೊಂಡ ಕನ್ನಡ–ಇಂಗ್ಲಿಷ್ ದ್ವಿಭಾಷಿಕನೊಬ್ಬನ ಅಧ್ಯಯನವನ್ನು 1981ರಲ್ಲಿಯೇ ‘ಕಾರ್ಟೆಕ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾಲಯದ ಪ್ರಕಾಶ್ ಪಡಕಣ್ಣಾಯ ಅವರು ಮಾನೇಸರದ ನಂದಿನಿ ಚಟರ್ಜಿ ಸಿಂಗ್ ಅವರ ತಂಡದೊಡಗೂಡಿ, ಹಿಂದಿ ಮತ್ತು ಇಂಗ್ಲಿಷ್ ಎರಡನ್ನೂ ಓದಬಲ್ಲವರ ಮಿದುಳು ಎರಡು ಲಿಪಿಗಳಿಗೆ ಬೇರೆಬೇರೆ ಹಾದಿಗಳನ್ನು ಬಳಸುವುದನ್ನು 2011ರಲ್ಲಿ ತೋರಿಸಿದರು. ಓದಿನಲ್ಲಿ ಹಿಂದುಳಿಯುವ ಮಕ್ಕಳ ತೊಂದರೆಯನ್ನು ಗುರುತಿಸಲು ಮಾನೇಸರದ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಪರೀಕ್ಷಾಸಾಧನ ಆರಂಭದಲ್ಲಿ ಸಿದ್ಧವಾದದ್ದು ಹಿಂದಿ, ಮರಾಠಿ, ಕನ್ನಡ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ. ಹರಿಯಾಣದ ಪ್ರಯೋಗಾಲಯದಲ್ಲಿ ಕನ್ನಡಕ್ಕೆ ಈ ಸ್ಥಾನ ದೊರೆತದ್ದು ಕನ್ನಡ ಬಲ್ಲ ವಿಜ್ಞಾನಿಗಳಿದ್ದುದರಿಂದ.

ನಮ್ಮಂತಹ ವಲಸೆಯ ಸಮುದಾಯಕ್ಕೆ ಇನ್ನೂ ಹತ್ತಿರವಾದ ಸಂಶೋಧನೆಯೊಂದಿದೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಮರೆವಿನ ರೋಗಕ್ಕೆ ತುತ್ತಾದ 648 ಮಂದಿಯನ್ನು ಪರಿಶೀಲಿಸಿ, ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಬಳಸುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು 2013ರಲ್ಲಿ ವರದಿಮಾಡಿದರು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡಿತು ಎಂಬುದು ವಿಶೇಷ. ವಿದ್ಯಾಭ್ಯಾಸವೊಂದೇ ಇದಕ್ಕೆ ಕಾರಣವೆಂದು ಹೇಳಲು ಬರುವುದಿಲ್ಲ. ಎಲ್ಲ ದೇಶಗಳ ಅಧ್ಯಯನಗಳೂ ಇದೇ ಫಲವನ್ನು ಕೊಟ್ಟಿಲ್ಲ. ಈ ವಿಷಯದಲ್ಲಿ ಚರ್ಚೆ ನಡೆದೇ ಇದೆ. ಆದ್ದರಿಂದ ‘ಕನ್ನಡ ಮಾತನಾಡಿದರೆ ಮರೆವು ಬಾರದು’ ಎಂದು ಫಲಕ ಬರೆಸುವುದು ಬೇಡ. ಆದರೆ ಎರಡು ಮೂರು ಭಾಷೆಗಳ ನಡುವೆ ದಿನವೂ ಓಡಾಡುವ ನಮ್ಮ ಮನೆಗಳು ಈ ಶಾಸ್ತ್ರಕ್ಕೆ ಬಹು ಮುಖ್ಯವಾದ ಪ್ರಶ್ನೆಗಳನ್ನು ಒಡಲಲ್ಲಿಟ್ಟುಕೊಂಡಿವೆ ಎಂಬುದರಲ್ಲಿ ಸಂದೇಹವಿಲ್ಲ.

ಪಣಕ್ಕಿರುವುದು ಜ್ಞಾನ ಮಾತ್ರವಲ್ಲ, ನಮ್ಮ ಹಿರಿಯರ ಮಾನವೂ ಹೌದು. ಹಾಸನದಿಂದಲೋ ಧಾರವಾಡದಿಂದಲೋ ಮಗನ ಮನೆಗೆ ಬಂದು ನೆಲೆಸಿದ ಎಪ್ಪತ್ತೈದರ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಅವಳಿಗೆ ಪಾರ್ಶ್ವವಾಯು ಹೊಡೆಯುತ್ತದೆ. ಕಲಿತಿದ್ದ ಅಲ್ಪಸ್ವಲ್ಪ ಹಿಂದಿ ಹಾರಿಹೋಗಿ ಕನ್ನಡ ಮಾತ್ರ ಉಳಿಯುತ್ತದೆ. ಹಲವು ಭಾಷೆ ಬಲ್ಲವರಲ್ಲಿ ಹೀಗೆ ಒಂದು ಉಳಿದು ಒಂದು ಹೋಗುವುದುಂಟೆಂದು ಫ್ರಾನ್ಸಿನ ರಿಬೋ 1881ರಲ್ಲಿಯೂ ಪಿತ್ರ್ 1895ರಲ್ಲಿಯೂ ಬರೆದಿದ್ದಾರೆ; ಮೊದಲು ಕಲಿತ ಭಾಷೆ ಉಳಿಯುತ್ತದೆಂದು ಒಬ್ಬನ ಮತ, ಹೆಚ್ಚು ಬಳಸಿದ ಭಾಷೆ ಮೊದಲು ಮರಳುತ್ತದೆಂದು ಇನ್ನೊಬ್ಬನ ಮತ. ಆದರೆ ಇಲ್ಲಿನ ಆಸ್ಪತ್ರೆಯಲ್ಲಿ ಅವಳನ್ನು ಪರೀಕ್ಷಿಸುವವರು ಹಿಂದಿಯಲ್ಲಿ ಪ್ರಶ್ನೆ ಕೇಳುತ್ತಾರೆ. ಅವಳು ಅಚ್ಚುಕಟ್ಟಾದ ಕನ್ನಡದಲ್ಲಿ ನೀರು ಕೇಳಿದರೂ ‘ಮಾತು ಅಸಂಬದ್ಧ’ ಎಂದು ದಾಖಲೆಯಲ್ಲಿ ಸೇರಬಹುದು. ಪಕ್ಕದಲ್ಲಿ ನಿಂತ ಮೊಮ್ಮಗಳಿಗೂ ಕನ್ನಡ ಬಾರದಿದ್ದರೆ ಆ ತಾಯಿಯ ಬುದ್ಧಿ ಸರಿಯಾಗಿದೆಯೆಂದು ಸಾಕ್ಷಿ ಹೇಳುವವರು ಯಾರು? ಮಾತನ್ನು ಮರಳಿ ಕಲಿಸುವ ಚಿಕಿತ್ಸೆಯನ್ನು ಅವಳ ಭಾಷೆಯಲ್ಲಿ ಕೊಡುವವರು ಯಾರು? ಮಿದುಳಿನ ವಿದ್ಯೆಯನ್ನೂ ಕನ್ನಡವನ್ನೂ ಬಲ್ಲ ಒಬ್ಬಳು ಈ ಪ್ರದೇಶದಲ್ಲಿದ್ದರೆ ಅದರ ಬೆಲೆ ಎಷ್ಟೆಂದು ಅಂದು ತಿಳಿಯುತ್ತದೆ.

ಆದುದರಿಂದ ಸಂಘದ ಹಿರಿಯರ ಮುಂದೆ ಮೂರು ವಿನಂತಿಗಳನ್ನು ಇಡುತ್ತೇನೆ. ಒಂದು, ಪದವಿಗೆ ಕಾಲಿಡುವ ಮಕ್ಕಳಿಗಾಗಿ ವರ್ಷಕ್ಕೊಮ್ಮೆ ಮಾರ್ಗದರ್ಶನದ ಸಭೆಯೊಂದು ನಡೆಯಲಿ. ದೆಹಲಿ, ಮಾನೇಸರ, ಫರೀದಾಬಾದುಗಳ ಪ್ರಯೋಗಾಲಯಗಳಲ್ಲಿರುವ ಕನ್ನಡಿಗರನ್ನು ಕರೆಸಿ, ಬೇಸಿಗೆಯ ತರಬೇತಿಗೆ ದಾರಿ ತೋರಿಸುವಂತಾಗಲಿ. ಎರಡು, ಮಕ್ಕಳ ಕನ್ನಡ ತರಗತಿ ಹಾಡು ನಾಟಕಗಳಿಗೆ ಸೀಮಿತವಾಗದೆ ಓದುಬರಹದವರೆಗೆ ಸಾಗಲಿ. ರಾಜ್ಯೋತ್ಸವದ ದಿನ ಹಾಡಲು ಬಂದರೆ ಸಾಲದು, ಅಜ್ಜಿಯ ಕಾಗದವನ್ನು ಓದಲು ಬರಬೇಕು. ಮೂರು, ಗ್ರಂಥಾಲಯದಲ್ಲಿ ಮನಸ್ಸು ಮತ್ತು ಮಿದುಳನ್ನು ಕುರಿತ ಕನ್ನಡ ಪುಸ್ತಕಗಳಿಗೆ ಒಂದು ಕಪಾಟು ಮೀಸಲಾಗಲಿ. ಕನ್ನಡದಲ್ಲಿ ಈ ಪರಂಪರೆ ಬಡವಾದದ್ದಲ್ಲ. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ವೈದ್ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಶಾಸ್ತ್ರವನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗಗಳನ್ನು ಕುರಿತು ಜನಸಾಮಾನ್ಯರ ಕನ್ನಡದಲ್ಲಿ ಹೇರಳವಾಗಿ ಬರೆದಿದ್ದಾರೆ. ಇಂತಹ ಪುಸ್ತಕವೊಂದು ಹದಿನಾರರ ಹರೆಯದ ಕೈಗೆ ಸರಿಯಾದ ಹೊತ್ತಿನಲ್ಲಿ ಸಿಕ್ಕರೆ ಅದು ಮಾಡುವ ಕೆಲಸವನ್ನು ಯಾವ ಪ್ರವೇಶಪರೀಕ್ಷೆಯ ತರಬೇತಿಯೂ ಮಾಡಲಾರದು.

ತಂದೆತಾಯಿಗಳಿಗೆ ಕೊನೆಯದಾಗಿ ಒಂದು ಮಾತು. ಮಗು ಈ ವಿದ್ಯೆಯನ್ನು ಓದುತ್ತೇನೆಂದಾಗ ಕೂಡಲೇ ಹೌದೆನ್ನಲೂ ಬೇಡಿ, ಅಲ್ಲವೆನ್ನಲೂ ಬೇಡಿ. ಗಣಿತವನ್ನು ಬಿಡದಂತೆ ನೋಡಿಕೊಳ್ಳಿ. ಒಂದು ಬೇಸಿಗೆ ಪ್ರಯೋಗಾಲಯದ ಬೇಸರವನ್ನು ಅದು ಅನುಭವಿಸಲಿ. ಆ ಬೇಸರದ ನಂತರವೂ ಆಸೆ ಉಳಿದರೆ ಅದು ನಿಜವಾದ ಆಸೆ, ಆಗ ಅಡ್ಡಬರಬೇಡಿ. ಊಟದ ಹೊತ್ತಿನಲ್ಲಿ ಅದರೊಡನೆ ಕನ್ನಡದಲ್ಲಿ ಮಾತನಾಡಿ. ಮುಂದೊಂದು ದಿನ ಅದು ಕೂರುವ ಪ್ರಯೋಗಾಲಯದಲ್ಲಿ ಎಲ್ಲ ಯಂತ್ರಗಳನ್ನೂ ಕೊಳ್ಳಲು ಸಿಕ್ಕೀತು, ಕನ್ನಡವೊಂದನ್ನು ಮಾತ್ರ ಮನೆಯಿಂದಲೇ ತರಬೇಕಾಗುತ್ತದೆ.